ಟೋಕಿಯೋದ ಮುಷ್ಟಿಯುದ್ಧವೂ ಪಂಚರ ಎಣಿಕೆಯೂ

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಕುಸ್ತಿಗಳು ಮುಗಿದು ಪೈಲವಾನರು ತಂತಮ್ಮ ಊರುಗಳಿಗೆ ಹೊರಟುಹೋದರೂ ನಮ್ಮ ಗಾಂಧಿ ಚೌಕದಲ್ಲಿ ಆ ಕುಸ್ತಿಗಳು ಮುಂದೆ ಎಂಟು ದಿನ ನಡೆದೇ ಇರುತ್ತವೆ. ಯಾರ ಬೆನ್ನು ಮಣ್ಣಿಗೆ ತಾಗಿತು, ಯಾರದು ತಾಗಲಿಲ್ಲ, ಪಂಚರು ಯಾರ ಮುಖ ನೋಡಿ ತೀರ್ಪಿತ್ತರು ಎಂಬುದನ್ನು ಚಹದ ಕಪ್ಪು ಹಿಡಿದ ಮಹನೀಯರು ನ್ಯಾಯಾಸನದ ಗಾಂಭೀರ್ಯದಿಂದ ವಿಚಾರಿಸುವರು. ಇಂಥದೊಂದು ಗೋಷ್ಠಿಯಲ್ಲಿ, ಸರಕಾರಿ ಕಚೇರಿಯಲ್ಲಿ ಆಯುಷ್ಯ ಸವೆಸಿದ ನಮ್ಮ ಮಿತ್ರರೊಬ್ಬರು, "ಸಂಪಾದಕರ, ಬಡವ ಫಡದಾಗ ಗೆದ್ದರ ಸಾಲದರಿ, ಕಾಗದದ ಮ್ಯಾಲೂ ಗೆಲ್ಲಬೇಕಾಗತದ" ಎಂದು ನುಡಿದರು. ಆ ಮಾತಿನಿಂದ ನಮಗೆ 1990ನೆಯ ಇಸವಿಯ ಫೆಬ್ರುವರಿ 11ರಂದು, ರವಿವಾರ, ಜಪಾನದ ಟೋಕಿಯೋ ನಗರದಲ್ಲಿ ಜರುಗಿದ ಮುಷ್ಟಿಯುದ್ಧದ ಸ್ಮರಣೆಯಾಯಿತು.

ಅಂದು ಜಗಜ್ಜೆಟ್ಟಿಯ ಪದವಿಯಲ್ಲಿದ್ದವನು ಅಮೇರಿಕದ ಮೈಕ್ ಟಾಯ್ಸನ್. ಇಪ್ಪತ್ತನೆಯ ವಯಸ್ಸಿನಲ್ಲಿಯೇ, 1986ರಲ್ಲಿ, ಆ ಪದವಿಯನ್ನೇರಿದವನು. ಆಡಿದ 37 ಪಂದ್ಯಗಳಲ್ಲಿ ಒಂದನ್ನೂ ಸೋತವನಲ್ಲ. ಅವುಗಳಲ್ಲಿ 33 ಸಲ ಎದುರಾಳಿಯನ್ನು ಹೊಡೆದು ಕೆಡವಿಯೇ ಗೆದ್ದವನು. 1988ರಲ್ಲಿ ಮೈಕೇಲ್ ಸ್ಪಿಂಕ್ಸನಂಥ ಅಜೇಯ ಮಲ್ಲನನ್ನು ಕೇವಲ 91 ಸೆಕೆಂಡುಗಳಲ್ಲಿ ನೆಲಕ್ಕೊರಗಿಸಿದ್ದನು. ಆ ದಿನಗಳಲ್ಲಿ ಅವನ ಹೆಸರನ್ನು ಕುಸ್ತಿಯ ಹೊರತು ಬೇರೇನನ್ನೂ ಅರಿಯದ ನಮ್ಮ ಗರಡಿಮನೆಯ ಹುಡುಗರೂ ಬಲ್ಲವರಾಗಿದ್ದರು.

ಇದಿರಾಳಿಯು ಓಹಾಯೋ ಪ್ರಾಂತದ ಕೊಲಂಬಸ್ ನಗರದ ಜೇಮ್ಸ್ ಡಗ್ಲಸ್. ಇವನು ಅದಕ್ಕೆ ಮೊದಲೇ ನಾಲ್ಕು ಪಂದ್ಯಗಳಲ್ಲಿ ಸೋತಿದ್ದನು. 1987ರಲ್ಲಿ ದೊಡ್ಡ ಪದವಿಯೊಂದಕ್ಕಾಗಿ ಕಾದಾಡಿ, ಹತ್ತನೆಯ ಸುತ್ತಿನಲ್ಲಿ ಕೈಚೆಲ್ಲಿದವನೆಂಬ ಅಪಕೀರ್ತಿಯೂ ಅವನಿಗಿದ್ದಿತು. ಟೋಕಿಯೋದ ಪಂದ್ಯಕ್ಕೆ ಮೂರು ವಾರಗಳಿರುವಾಗ ಅವನ ತಾಯಿಯು ತೀರಿಕೊಂಡಳು. ಲಾಸ್ ವೇಗಾಸಿನ ಜೂಜುಗೃಹಗಳಲ್ಲಿ ಬಹುತೇಕರು ಈ ಪಂದ್ಯದ ಮೇಲೆ ಪಣ ಸ್ವೀಕರಿಸಲೇ ಒಲ್ಲೆವೆಂದರು. ಮಿರಾಜ್ ಎಂಬ ಗೃಹವೊಂದು ಒಂದಕ್ಕೆ ನಲವತ್ತೆರಡರಂತೆ ದರ ಬರೆದು ತೂಗುಹಾಕಿತು. ಟಾಯ್ಸನ್ನನ ಕಡೆಯವರ ಉದಾಸೀನವೆಷ್ಟೆಂದರೆ, ಬಾತ ಕಣ್ಣನ್ನೊತ್ತುವ ಸಾಮಾನ್ಯ ಲೋಹದ ಉಪಕರಣವೂ ಅವರ ಬಳಿ ಇರಲಿಲ್ಲ. ಮುಂದೆ ಅವನ ಎಡಗಣ್ಣು ಬಾತು ಮುಚ್ಚತೊಡಗಿದಾಗ ರಬ್ಬರಿನ ಕೈಚೀಲದಲ್ಲಿ ಮಂಜಿನ ನೀರು ತುಂಬಿ ಒತ್ತಬೇಕಾಯಿತು!

ಡಗ್ಲಸನು ಗೆದ್ದುದು ದೈವಯೋಗದಿಂದಲ್ಲ. ಅವನ ತೋಳುಗಳ ಚಾಚು ಟಾಯ್ಸನ್ನನಿಗಿಂತ ಸುಮಾರು 12 ಅಂಗುಲ ಹೆಚ್ಚಿನದು. ಗಿಡ್ಡನಾದ ಟಾಯ್ಸನ್ನನು ಎದುರಾಳಿಯ ಎದೆಯೊಳಗೆ ನುಗ್ಗಿದರೆ ಮಾತ್ರ ಅವನ ಗುದ್ದಿಗೆ ಕಸುವು. ಹಾಗೆ ನುಗ್ಗಿದಾಗಲೆಲ್ಲ ಡಗ್ಲಸನ ಎಡಗೈಯು ಅವನ ಮುಖದ ಮೇಲೆ ಬೀಳುತ್ತಿತ್ತು, ಅದರ ಬೆನ್ನಿಗೇ ಬಲಗೈ. ತೀರ ಸಮೀಪಕ್ಕೆ ಬಂದರೆ ತಬ್ಬಿ ಹಿಡಿದು ಬಿಡುವನು. ಅನ್ಯರು ಟಾಯ್ಸನ್ನನ ಕಣ್ಣು ಕಂಡೇ ಅರ್ಧ ಸೋಲುತ್ತಿದ್ದರು. ಇವನು ಸುತ್ತಿನ ಮೇಲೆ ಸುತ್ತು ಹಿಂಜರಿಯದೆ ನಿಂತನು.

ಎಂಟನೆಯ ಸುತ್ತು ಮುಗಿಯಲು ಕೆಲವೇ ಕ್ಷಣಗಳಿರುವಾಗ ವಿಘ್ನವೊದಗಿತು. ಟಾಯ್ಸನ್ನನ ಬಲಗೈ ಕೆಳಗಿನಿಂದ ಮೇಲಕ್ಕೆ ಡಗ್ಲಸನ ಗದ್ದಕ್ಕೆ ತಾಗಿ, ಅವನು ಬೆನ್ನುಡಿದು ಬಿದ್ದನು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟವೇ ತೀರಿತು. ಮುಷ್ಟಿಯುದ್ಧದಲ್ಲಿಯಾದರೆ ಪಂಚನು ಹತ್ತೆಣಿಸುವವರೆಗೆ ಬಿದ್ದವನಿಗೆ ಅವಕಾಶವುಂಟು. ಮೆಕ್ಸಿಕೋದ ಪಂಚನಾದ ಆಕ್ಟೇವಿಯೋ ಮೆಯ್ರಾನನ ಎಣಿಕೆಯು ಕಾಲಮಾಪಕನ ಎಣಿಕೆಗಿಂತ ಎರಡು ಸೆಕೆಂಡು ಹಿಂದೆ ಬಿದ್ದಿತು. ಡಗ್ಲಸನು ತನ್ನ ಮೇಲೆಯೇ ಸಿಟ್ಟಾದವನಂತೆ ನೆಲವನ್ನು ಗುದ್ದಿ, ಒಂಬತ್ತಕ್ಕೆ ಎದ್ದು ನಿಂತನು. ಬಿದ್ದವನು ಕೇಳಬೇಕಾದುದು ಪಂಚನ ಎಣಿಕೆಯನ್ನೇ ಹೊರತು ಗಡಿಯಾರದ ಎಣಿಕೆಯನ್ನಲ್ಲ. ಪಂಚನು ತಡಮಾಡಿದರೆ ಅದು ಬಿದ್ದವನ ಅಪರಾಧವೇ?

ಹತ್ತನೆಯ ಸುತ್ತಿನಲ್ಲಿ ಡಗ್ಲಸನ ಅದೇ ತೆರನ ಒಂದು ಗುದ್ದು, ಅದರ ಹಿಂದೆ ನಾಲ್ಕು ಹೊಡೆತಗಳು. ಜನ್ಮದಲ್ಲಿ ಮೊದಲ ಬಾರಿಗೆ ಟಾಯ್ಸನ್ನನು ಪಂದ್ಯದಲ್ಲಿ ನೆಲ ಹಿಡಿದನು. ಬಾಯಿಂದ ಜಾರಿ ಬಿದ್ದ ದಂತರಕ್ಷಕವನ್ನು ಕುರುಡನಂತೆ ತಡವರಿಸಿ ಹುಡುಕಿ, ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಳಲು ಯತ್ನಿಸಿದ ದೃಶ್ಯವನ್ನು ಕಂಡವರು ಮರೆಯಲಾರರು. ಅವನ ವೈರಿಗಳಿಗೂ ಆಗ ಕನಿಕರ ಬಂದಿರಬೇಕು. ಹತ್ತಾಯಿತು, ಪಂಚನು ಅವನನ್ನು ತಬ್ಬಿ ಹಿಡಿದನು.

ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಂಬತ್ತು ಸುತ್ತುಗಳವರೆಗಿನ ಗುಣಗಳನ್ನು ಮೂವರು ತೀರ್ಪುಗಾರರು ಬರೆದಿಟ್ಟಿದ್ದರು. ಒಬ್ಬನ ಕಾಗದದಲ್ಲಿ ಡಗ್ಲಸನಿಗೆ 88, ಟಾಯ್ಸನ್ನನಿಗೆ 82; ಎರಡನೆಯವನಲ್ಲಿ ಇಬ್ಬರಿಗೂ 86; ಮೂರನೆಯವನಲ್ಲಿ ಟಾಯ್ಸನ್ನನೇ ಒಂದು ಗುಣದಿಂದ ಮುಂದೆ! ಲೋಕವೆಲ್ಲ ಕಣ್ಣಾರೆ ಕಂಡ ಮೇಲುಗೈಯು ಮೂವರಲ್ಲಿ ಇಬ್ಬರಿಗೆ ಕಾಣಿಸಲಿಲ್ಲ. ಹೆಸರಿನ ಭಾರವು ಕಣ್ಣಿಗೂ ಪೊರೆ ಕಟ್ಟುವುದೆಂದು ನಮ್ಮ ಅಭಿಪ್ರಾಯ.

ಪಂದ್ಯ ಮುಗಿದ ಮೇಲೆ ನಿಜವಾದ ಕುಸ್ತಿ ಆರಂಭವಾಯಿತು. ಪಂದ್ಯಗಳ ಗುತ್ತೇದಾರನಾದ ಡಾನ್ ಕಿಂಗನು ಎಂಟನೆಯ ಸುತ್ತಿನ ಎಣಿಕೆಯನ್ನು ಹಿಡಿದು ತಕರಾರು ಹೂಡಿದನು. ಎಣಿಕೆ ತಡವಾಯಿತೆಂದು ಪಂಚನೂ ಒಪ್ಪಿಕೊಂಡನು. ಪದವಿಯನ್ನು ಕೊಡುವ ಮೂರು ಸಂಸ್ಥೆಗಳಲ್ಲಿ ಎರಡು ಡಗ್ಲಸನ ಜಯಕ್ಕೆ ಮಾನ್ಯತೆಯನ್ನು ತಡೆಹಿಡಿದವು. 1927ರಲ್ಲಿ ಶಿಕಾಗೋ ನಗರದಲ್ಲಿ ಟನ್ನಿಯೆಂಬವನು ಇದಕ್ಕಿಂತ ದೀರ್ಘವಾದ ಎಣಿಕೆಯ ಅವಕಾಶ ಪಡೆದೆದ್ದು ಡೆಂಪ್ಸಿಯನ್ನು ಗೆದ್ದಿದ್ದನು. ಆ ಜಯವು ರದ್ದಾಗಲಿಲ್ಲ. ಆದರೆ ಟೋಕಿಯೋದಲ್ಲಿ ಗೆದ್ದವನು ನಾಲ್ಕು ಬಾರಿ ಸೋತವನು, ಬಿದ್ದವನು ಕೋಟಿಗಟ್ಟಲೆ ಹಣ ತರುವವನು. ಜನರು ಹಾಗೂ ಪತ್ರಿಕೆಗಳು ಛೀಮಾರಿ ಹಾಕಿದ ತರುವಾಯ ಕೆಲವೇ ದಿನಗಳಲ್ಲಿ ತಕರಾರು ಹಿಂದೆಗೆಯಲ್ಪಟ್ಟು, ಜಯವು ಕಾಗದದ ಮೇಲೂ ನಿಂತಿತು. ಅವರು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ನಮ್ಮ ಕಡೆ ಚಿಕ್ಕೋಡಿ ತಾಲೂಕಿನ ಎಕ್ಸಂಬಾದಲ್ಲಿ ಜನಿಸಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಪಂಜಾಬದ ಬಂತಾಸಿಂಗನನ್ನು ಸೋಲಿಸಿ ಪ್ರಥಮ ಹಿಂದ್ ಕೇಸರಿಯೆನಿಸಿದ ಸಂಗತಿಯನ್ನು ಚೌಕದ ಹಿರಿಯರು ಈಗಲೂ ಹೇಳುವುದುಂಟು. ಮಣ್ಣಿನ ಮೇಲೆ ಬೆನ್ನಿನ ಗುರುತು ಬೀಳುವುದರಿಂದ ಅಲ್ಲಿ ಸೆಕೆಂಡಿನ ವ್ಯಾಜ್ಯಕ್ಕೆ ಎಡೆ ಕಡಿಮೆ ಎಂದು ಅವರ ವಾದ. ಇದನ್ನು ನಾವು ಪೂರ್ತಿ ಒಪ್ಪಲಾರೆವು. ಜಾತ್ರೆಯ ಮರುದಿನದ ಗೋಷ್ಠಿಗಳೇ ಅದಕ್ಕೆ ಸಾಕ್ಷಿ.

ಡಗ್ಲಸನು ಆ ಪದವಿಯನ್ನು ಬಹುಕಾಲ ಉಳಿಸಿಕೊಳ್ಳಲಿಲ್ಲವೆಂದು ಕೆಲವರು ಹಂಗಿಸುವರು. ನಿಜ, ಮೈ ಬೆಳೆಸಿಕೊಂಡು ಕಣಕ್ಕಿಳಿದ ಅವನನ್ನು ಅದೇ ವರ್ಷ ಅಕ್ಟೋಬರ್ 25ರಂದು ಇವಾಂಡರ್ ಹೋಲಿಫೀಲ್ಡನು ಮೂರನೆಯ ಸುತ್ತಿನಲ್ಲಿ ಕೆಡವಿದನು. ಅದಕ್ಕೆ ಹಿಂದಿನ ಜಯವು ಹುಸಿಯಾಗದು. ಆ ಪಂದ್ಯ ನಡೆದುದು ಒಂದಕ್ಕೆ ನಲವತ್ತೆರಡರ ದರ ಬರೆದಿದ್ದ ಅದೇ ಮಿರಾಜ್ ಗೃಹದಲ್ಲಿ. ಈ ಬಾರಿ ಎಣಿಕೆಯ ವಿಷಯದಲ್ಲಿ ಯಾರ ತಕರಾರೂ ಬರಲಿಲ್ಲ.