ಪರದೇಶದ ವ್ಯಾಸಂಗಕ್ಕೆ ಹೊರಡುವ ಮೊದಲು

ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಸ್ಥಾಪಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಗಳು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದವರು. ಆ ಕಾಲದಲ್ಲಿ ವಿದ್ಯಾರ್ಜನೆಗಾಗಿ ಹಡಗನ್ನೇರುತ್ತಿದ್ದವರು ಬೆರಳೆಣಿಕೆಯ ಮಂದಿ. ಇಂದಾದರೋ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬೇಸಾಯಗಾರರ ಮಕ್ಕಳೂ ಅದೇ ಹಂಬಲವನ್ನು ಹೊತ್ತಿರುವರು. ನಗರವಾಸಿಗಳಾದ ಶ್ರೋತೃಗಳಲ್ಲಿ ಅನೇಕರಿಗೆ ಈ ಸೀಮೆಯಲ್ಲಿ ನಂಟರುಂಟು. ಅವರು ಸಲಹೆ ಕೇಳಿ ಬಂದಾಗ ಏನು ಹೇಳಬೇಕೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಯಾವ ವಿಶ್ವವಿದ್ಯಾನಿಲಯ ಉತ್ತಮವೆಂದು ಎಲ್ಲರೂ ಮೊದಲು ಕೇಳುವರು. ನಮ್ಮ ಅಭಿಪ್ರಾಯದಲ್ಲಿ ಅದಕ್ಕೂ ಮೊದಲು ನೋಡಬೇಕಾದುವು ಮೂರು: ಹೆಸರು, ಹಣ ಕೈಸೇರುವ ಕಾಲ, ಮನೆಯ ಪತ್ರ.

ನಮ್ಮಲ್ಲಿ ಮನೆತನದ ಹೆಸರು ಅಪರೂಪ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವೇ ಸಾಕೆನ್ನುವುದು ವಾಡಿಕೆ. ಪಾಸ್‌ಪೋರ್ಟಿನಲ್ಲಾದರೋ ಆ ಅಕ್ಷರಗಳನ್ನು ಬಿಡಿಸಿ ಬರೆಯಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪದವಿಪತ್ರಗಳಲ್ಲಿ ಹೆಸರು ಬೇರೆ ಬೇರೆಯಾಗಿದ್ದರೆ ಮುಂದೆ ಪ್ರತಿಯೊಂದು ಕಚೇರಿಯಲ್ಲಿಯೂ ತೊಡಕು. ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದಾದುದರಿಂದ ಒಂದು ವರ್ಷ ಮುಂಚೆಯೇ ಇದನ್ನು ಸರಿಪಡಿಸಿಕೊಳ್ಳುವುದು ಲೇಸು.

ಇನ್ನು ಹಣದ ಮಾತು. ಹೊಗೆಸೊಪ್ಪಿನ ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಮೊದಲಾಗಿ ಚಳಿಗಾಲವೆಲ್ಲ ನಡೆಯುವುದು. ಬಂದ ಹಣದಲ್ಲಿ ಬೆಳೆಸಾಲ ಮೊದಲು ಮುರಿದುಹೋಗಿ, ಮಿಕ್ಕುದು ಮನೆ ಸೇರುವುದು. ಕೃಷ್ಣರಾಜನಗರದ ನಾಲೆಬಯಲಿನ ಭತ್ತದ ಹಣವೂ ಸುಗ್ಗಿಯ ಅನಂತರದ್ದೇ. ವಿದೇಶದ ಕಾಲೇಜುಗಳೋ ಬಹುಮಟ್ಟಿಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಆರಂಭವಾಗುವುವು. ಸ್ವಂತ ಹಣವನ್ನು ತೋರಿಸಿ ಇಂಗ್ಲೆಂಡಿನ ವೀಸಾ ಬೇಡುವವರ ಖಾತೆಯಲ್ಲಿ ಆ ಮೊಬಲಗು ಎಡೆಬಿಡದೆ 28 ದಿನ ಇರಬೇಕು. ಜರ್ಮನಿಗೆ ಹೋಗುವವರು ವರ್ಷದ ಜೀವನೋಪಾಯಕ್ಕೆಂದು ಪ್ರತ್ಯೇಕ ಖಾತೆಯಲ್ಲಿ ಹಣ ಕಟ್ಟುವುದು ರೂಢಿ. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗಳಿಗೆ ಏರಿತು. ಆದಕಾರಣ ಮಾಘದಲ್ಲಿ ಬಂದ ಹಣ ವೈಶಾಖದ ಮದುವೆಗಳಲ್ಲಿ ಕರಗಿದರೆ ಆಷಾಢದಲ್ಲಿ ತೋರಿಸಲು ಏನೂ ಉಳಿಯದು.

ಸಾಲದ ವಿಷಯದಲ್ಲಿ ಒಂದು ತಪ್ಪುತಿಳಿವಳಿಕೆಯುಂಟು. ನಾಲ್ಕೆಕರೆ ಜಮೀನಿರುವಾಗ ಬ್ಯಾಂಕು ಏಕೆ ಕೊಡದೆಂದು ರೈತರು ನಂಬಿರುವರು. ಏಳೂವರೆ ಲಕ್ಷ ರೂಪಾಯಿಗೆ ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುವುವು. ಆದರೆ ಆಧಾರದ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರವಿತ್ತ 2002ರ ಕಾನೂನು ವ್ಯವಸಾಯದ ಭೂಮಿಗೆ ಅನ್ವಯಿಸದು. ಅದರಿಂದ ಅವು ಹೊಲಗದ್ದೆಗಿಂತ ಮನೆ, ನಿವೇಶನಗಳನ್ನೇ ಬಯಸುವುವು. ಹಳ್ಳಿಯ ಮನೆಗಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ಪತ್ರ ಬೇಕು. ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಮನೆಗೆ ಖಾತೆ ಬದಲಾಯಿಸಿ, ಅಣ್ಣತಮ್ಮಂದಿರ ಒಪ್ಪಿಗೆ ಪಡೆಯುವುದು ಒಂದು ದಿನದ ಕೆಲಸವಲ್ಲ. ಪರಿಶಿಷ್ಟ ಜಾತಿಯವರಿಗೂ ಭೂಹೀನ ಕೃಷಿಕಾರ್ಮಿಕರ ಮಕ್ಕಳಿಗೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿರುವುದನ್ನು ಸಾಲಕ್ಕೆ ಕೈಯೊಡ್ಡುವ ಮೊದಲೇ ವಿಚಾರಿಸತಕ್ಕದ್ದು.

ಈ ಲೆಕ್ಕಾಚಾರದಿಂದ ಉತ್ಸಾಹ ಕುಂದೀತೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಅಡವಾಗುವುದು ಹುಡುಗನ ಅಥವಾ ಹುಡುಗಿಯ ಭವಿಷ್ಯ ಮಾತ್ರವಲ್ಲ. ತಂದೆತಾಯಿಗಳು ಮಲಗುವ ಮನೆಯೂ ಹೌದು. ಕಂತು ಎಂದಿನಿಂದ ಆರಂಭ, ಕೆಲಸ ದೊರೆಯುವುದು ತಡವಾದರೆ ಕಟ್ಟುವವರಾರು ಎಂಬುದನ್ನು ಮನೆಮಂದಿಯೆಲ್ಲ ಕೂಡಿ ಮೊದಲೇ ಮಾತನಾಡಿಕೊಳ್ಳಬೇಕು. ಹೊರಡುವ ವರ್ಷದ ಹಿಂದಿನ ಹರಾಜಿನ ದಿನದಿಂದಲೇ ಸಿದ್ಧತೆಗೆ ತೊಡಗಿದವರಿಗೆ ವಿಮಾನವೇರುವ ದಿನ ಅವಸರವಿರುವುದಿಲ್ಲ, ಹಿಂದುಳಿದವರಿಗೂ ನೆಮ್ಮದಿಯಿರುವುದು.