ದಂಡವೂ ದಾರಿಯೂ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ದಂಡ’ ಎಂಬ ಮಾತಿಗೆ ಹಲವು ಅರ್ಥಗಳಿವೆ. ಕೋಲು ಎಂಬುದು ಒಂದು. ಶಿಕ್ಷೆ ಎಂಬುದು ಇನ್ನೊಂದು. ತಪ್ಪಿಗಾಗಿ ತೆರುವ ಹಣ ಎಂಬುದು ಮತ್ತೊಂದು. ಇವಲ್ಲದೆ ಆಡುಮಾತಿನಲ್ಲಿ ಬೇರೊಂದು ಅರ್ಥವೂ ಉಂಟು. ಪಟ್ಟ ಶ್ರಮ ನಿಷ್ಫಲವಾದಾಗ ‘ಎಲ್ಲ ದಂಡವಾಯಿತು’ ಎನ್ನುತ್ತೇವೆ. ವಿಧಿಸಿದ ದಂಡವೇ ಈ ಕೊನೆಯ ಅರ್ಥದಲ್ಲಿ ದಂಡವಾಗುವ ಸಂದರ್ಭಗಳು ಲೋಕವ್ಯವಹಾರದಲ್ಲಿ ಇಲ್ಲದಿಲ್ಲ. ಅಂಥದೊಂದು ಪ್ರಸಂಗ ಅಮೆರಿಕದ ಸಂಯುಕ್ತ ಸಂಸ್ಥಾನಗಳದು. ಲೈಸೆನ್ಸು ಅಮಾನತಾಗಿರುವಾಗಲೂ ವಾಹನ ನಡೆಸಿದವರನ್ನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಅಲ್ಲಿನ ನ್ಯಾಯಾಲಯಗಳೂ ಶಾಸನಸಭೆಗಳೂ ಬಹುಕಾಲದಿಂದ ವಿಚಾರ ಮಾಡುತ್ತ ಬಂದಿವೆ.

ಮೇಲುನೋಟಕ್ಕೆ ಇದರಲ್ಲಿ ವಿಚಾರ ಮಾಡುವುದೇನಿದೆ ಎನಿಸುತ್ತದೆ. ನಡೆಸಬೇಡವೆಂದ ಮೇಲೂ ನಡೆಸಿದರೆ ಅಪರಾಧ, ಅಪರಾಧಕ್ಕೆ ಶಿಕ್ಷೆ. ಕುಡಿದು ವಾಹನ ನಡೆಸಿ ಲೈಸೆನ್ಸು ಕಳೆದುಕೊಂಡವನು ಮತ್ತೆ ರಸ್ತೆಗೆ ಇಳಿದರೆ ಅವನನ್ನು ತಡೆಯಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಲೈಸೆನ್ಸು ಕಳೆದುಕೊಂಡವರೆಲ್ಲ ಅಂಥವರೇ ಏನು? ಅಮೆರಿಕದ ಮೋಟಾರು ವಾಹನ ಆಡಳಿತಾಧಿಕಾರಿಗಳ ಸಂಘವು ಇದನ್ನು ಪರಿಶೀಲಿಸಿದಾಗ ದೊರೆತ ಉತ್ತರ ಅನೇಕರನ್ನು ಬೆರಗುಗೊಳಿಸಿತು. ಅಮಾನತಿಗೆ ಒಳಗಾದ ಚಾಲಕರಲ್ಲಿ ರಸ್ತೆಯ ಸುರಕ್ಷತೆಗೆ ಸಂಬಂಧವೇ ಇಲ್ಲದ ಕಾರಣಗಳಿಂದ ಹಾಗಾದವರು 2002ರಲ್ಲಿ ಶೇಕಡ 29ರಷ್ಟಿದ್ದರು. 2006ರ ಹೊತ್ತಿಗೆ ಶೇಕಡ 39ರಷ್ಟಾದರು. ದಂಡದ ಹಣ ಕಟ್ಟದವರು, ನ್ಯಾಯಾಲಯದ ಕರೆಗೆ ಹಾಜರಾಗದವರು, ಮಕ್ಕಳ ಜೀವನಾಂಶ ಬಾಕಿ ಉಳಿಸಿಕೊಂಡವರು, ಕೆಲವೆಡೆ ಶಾಲೆಗೆ ತಪ್ಪಿಸಿಕೊಂಡ ಹುಡುಗರು ಕೂಡ ಈ ಪಟ್ಟಿಯಲ್ಲಿದ್ದರು. ವಾಹನ ನಡೆಸುವ ಅನುಮತಿ ಸರ್ಕಾರದ ಕೈಯಲ್ಲಿ ಬಾಕಿ ವಸೂಲಿಯ ಸಾಧನವಾಗಿ ಮಾರ್ಪಟ್ಟಿತ್ತು.

ಇದರ ಪರಿಣಾಮವನ್ನು ಸರಿಯಾಗಿ ಅರಿಯಬೇಕಾದರೆ ಆ ದೇಶದ ಜೀವನಕ್ರಮವನ್ನು ನೆನೆಯಬೇಕು. ಕೆಲವು ಮಹಾನಗರಗಳನ್ನು ಬಿಟ್ಟರೆ ಅಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗುವುದು, ರೋಗಿಯನ್ನು ವೈದ್ಯರ ಬಳಿಗೆ ಒಯ್ಯುವುದು ಎರಡೂ ದುಸ್ತರ. ಲೈಸೆನ್ಸು ಅಲ್ಲಿ ಭೋಗದ ವಸ್ತುವಲ್ಲ, ಜೀವನೋಪಾಯ. ನ್ಯೂಜೆರ್ಸಿ ಸಂಸ್ಥಾನದಲ್ಲಿ ನಡೆದ ಒಂದು ಸಮೀಕ್ಷೆಯಂತೆ, ಅಮಾನತಿಗೆ ಒಳಗಾದವರಲ್ಲಿ ಶೇಕಡ 42 ಮಂದಿ ಕೆಲಸವನ್ನೇ ಕಳೆದುಕೊಂಡಿದ್ದರು. ಹಣವಿಲ್ಲವೆಂದು ಲೈಸೆನ್ಸು ಹೋಯಿತು; ಲೈಸೆನ್ಸಿಲ್ಲವೆಂದು ಕೆಲಸ ಹೋಯಿತು; ಕೆಲಸವಿಲ್ಲದವನಿಂದ ಹಣ ಬರುವುದೆಲ್ಲಿಂದ? ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿ, ಹೊಲ ಉತ್ತು ಕಂದಾಯ ಕಟ್ಟು ಎಂದು ರೈತನಿಗೆ ಹೇಳಿದ ಹಾಗಾಯಿತು. ಹೊಟ್ಟೆಪಾಡಿಗಾಗಿ ಆತ ಕಾರು ಹೊರಡಿಸಿದರೆ, ಅದು ಹೊಸ ಅಪರಾಧ. ಅಮಾನತಾದವರಲ್ಲಿ ಮುಕ್ಕಾಲು ಪಾಲಿನವರೆಗೆ ವಾಹನ ನಡೆಸುತ್ತಲೇ ಇರುತ್ತಾರೆಂದು ಅಧಿಕಾರಿಗಳೇ ಅಂದಾಜು ಮಾಡಿದ್ದಾರೆ.

ದಂಡದ ಮೊತ್ತವಾದರೂ ಅಲ್ಪವೇ ಎಂದರೆ ಅದೂ ಅಲ್ಲ. ಕ್ಯಾಲಿಫೋರ್ನಿಯವನ್ನು ಕುರಿತು 2015ರಲ್ಲಿ ನ್ಯಾಯವಾದಿಗಳ ಕೆಲವು ಸಂಸ್ಥೆಗಳು ಹೊರತಂದ ವರದಿ ಇದರ ಲೆಕ್ಕ ಕೊಡುತ್ತದೆ. 100 ಡಾಲರಿನ ಮೂಲ ದಂಡ, ನಾನಾ ಹೆಸರಿನ ಶುಲ್ಕಗಳು ಸೇರಿ 490 ಡಾಲರಾಗುತ್ತಿತ್ತು. ಗಡುವು ಮೀರಿದರೆ 815 ಡಾಲರು. ಮೂಗಿಗಿಂತ ಮೂಗುತಿ ಭಾರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆ ಒಂದು ಸಂಸ್ಥಾನದಲ್ಲೇ 40 ಲಕ್ಷಕ್ಕೂ ಹೆಚ್ಚು ಲೈಸೆನ್ಸುಗಳು ಹೀಗೆ ಅಮಾನತಾಗಿದ್ದುವು.

ನ್ಯಾಯಾಲಯಗಳಿಗೆ ಇದು ತಿಳಿಯದ ಸಂಗತಿಯೇನಲ್ಲ. ಜಾರ್ಜಿಯ ಸಂಸ್ಥಾನದಲ್ಲಿ ಮೂರು ಹಳ್ಳಿಗಾಡಿನ ಸಮುದಾಯಗಳನ್ನು ಕಾರಿನಲ್ಲಿ ಸುತ್ತಿ ಸೇವೆ ಸಲ್ಲಿಸುತ್ತಿದ್ದ ಒಬ್ಬ ಪಾದ್ರಿಯಿದ್ದರು. ಐದು ವರ್ಷದ ಬಾಲೆಯೊಬ್ಬಳು ಸೈಕಲ್ಲಿನಲ್ಲಿ ಬಂದು ಅವರ ಕಾರಿನ ಪಕ್ಕಕ್ಕೆ ಬಡಿದಳು. ಕಾರಿಗೆ ವಿಮೆಯಿರಲಿಲ್ಲ. 5,000 ಡಾಲರಿನ ಭದ್ರತೆ ಒದಗಿಸದಿದ್ದರೆ ಲೈಸೆನ್ಸು ಇಲ್ಲವೆಂದರು ಅಧಿಕಾರಿಗಳು. ತಪ್ಪು ತನ್ನದಲ್ಲವೆಂದು ತೋರಿಸಲು ಪಾದ್ರಿ ಸಿದ್ಧರಿದ್ದರೂ ಅದನ್ನು ಕೇಳುವವರಿರಲಿಲ್ಲ. 1971ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಲೈಸೆನ್ಸು ಒಮ್ಮೆ ಕೈಗೆ ಬಂದ ಮೇಲೆ ಅದು ಜೀವನೋಪಾಯಕ್ಕೆ ಅವಶ್ಯವಾಗಬಹುದು, ಹೊಣೆಯ ವಿಚಾರಣೆಯಿಲ್ಲದೆ ಅದನ್ನು ಕಸಿಯುವುದು ಸಲ್ಲದು ಎಂದು ತೀರ್ಪಿತ್ತಿತು. 1983ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ, ದಂಡ ಕಟ್ಟದವನನ್ನು ಸೆರೆಗೆ ಕಳುಹಿಸುವ ಮೊದಲು, ಆತ ಕಟ್ಟಲೊಲ್ಲದವನೋ ಕಟ್ಟಲಾರದವನೋ ಎಂಬುದನ್ನು ವಿಚಾರಿಸಬೇಕೆಂದಿತು. ಒಲ್ಲದವನು ಬೇರೆ, ಆರದವನು ಬೇರೆ. ನಮ್ಮ ವ್ಯಾಕರಣಕ್ಕೆ ಸ್ಪಷ್ಟವಾಗಿರುವ ಈ ಭೇದ, ಕಚೇರಿಯ ಕಡತಕ್ಕೆ ಬಹುಕಾಲ ಹೊಳೆದಿರಲಿಲ್ಲ.

ಹಾಗಾದರೆ ಮೊಕದ್ದಮೆಯ ಬದಲು ಏನು ಮಾಡಬಹುದು? ವಾಷಿಂಗ್ಟನ್ ಸಂಸ್ಥಾನದ ಅನುಭವ ಇಲ್ಲಿ ಉಪಯುಕ್ತವಾದದ್ದು. ಅಲ್ಲಿನ ಕಾನೂನು ಈ ಅಪರಾಧವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಮೂರನೆಯದು ಅತ್ಯಂತ ಕಿರಿದು. ದಂಡದ ಬಾಕಿಯಿಂದ ಅಮಾನತಾದವರು ಬರುತ್ತಿದ್ದುದು ಇದರಲ್ಲಿ. ಆದರೂ 90 ದಿನಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಆರೋಪಿ ಬಡವನಾದ್ದರಿಂದ ಅವನ ವಕೀಲರ ಖರ್ಚೂ ಸರ್ಕಾರದ್ದೇ. ಪೊಲೀಸರು, ನ್ಯಾಯಾಧೀಶರು, ಸೆರೆಮನೆ ಇವುಗಳ ವೆಚ್ಚ ಬೇರೆ. ನೂರಾರು ಡಾಲರು ವಸೂಲಿಗೆ ಸಾವಿರಾರು ಡಾಲರು ವೆಚ್ಚ! ಬಡವರ ಪರವಾದ ವಕೀಲರ ಸಂಸ್ಥೆಯನ್ನು ಬಹುಕಾಲ ನಡೆಸಿ, ಬಳಿಕ ಸಿಯಾಟಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಬೋಧಿಸಿದ ರಾಬರ್ಟ್ ಬೊರುಚೊವಿಟ್ಜ್ ಅವರು 2010ರ ಒಂದು ಪ್ರಬಂಧದಲ್ಲಿ, ಇಂಥ ಕಿರಿಯ ಅಪರಾಧಗಳನ್ನು ಮೊಕದ್ದಮೆಯಿಂದ ಬೇರೆಡೆಗೆ ತಿರುಗಿಸಿದರೆ ಇಡೀ ದೇಶಕ್ಕೆ ವರ್ಷಕ್ಕೆ 100 ಕೋಟಿ ಡಾಲರು ಉಳಿಯಬಹುದೆಂದು ವಾದಿಸಿದರು.

ಹೀಗೆ ಬೇರೆಡೆಗೆ ತಿರುಗಿಸುವ ಕ್ರಮವನ್ನು ಆ ಸಂಸ್ಥಾನದ ಸ್ಪೋಕೇನ್ ನಗರದಲ್ಲೂ, ಸಿಯಾಟಲ್ ಸೇರಿದ ಕಿಂಗ್ ಕೌಂಟಿಯಲ್ಲೂ ಪ್ರಯೋಗಿಸಿ ನೋಡಿದ್ದಾರೆ. ಇದನ್ನು ಮರುಪರವಾನಗಿ ಯೋಜನೆ ಎನ್ನಬಹುದು. ಸರ್ಕಾರಿ ವಕೀಲರು ಆರೋಪವನ್ನು ಕೂಡಲೇ ಮುಂದೊತ್ತದೆ ತಡೆಹಿಡಿಯುತ್ತಾರೆ. ಚದುರಿದ ಬಾಕಿಗಳನ್ನೆಲ್ಲ ಒಂದುಗೂಡಿಸಿ, ವರಮಾನಕ್ಕೆ ಎಟುಕುವ ಮಾಸಿಕ ಕಂತು ಗೊತ್ತುಮಾಡುತ್ತಾರೆ. ಹಣವೇ ಇಲ್ಲದವರು ಸಮಾಜಸೇವೆಯ ಕೆಲಸ ಮಾಡಿ ಬಾಕಿ ತೀರಿಸುವ ಏರ್ಪಾಡೂ ಉಂಟು. ಕಂತು ಸರಿಯಾಗಿ ನಡೆಯುತ್ತಿದ್ದರೆ ಲೈಸೆನ್ಸಿನ ಮೇಲಿನ ತಡೆ ಹೋಗುತ್ತದೆ. ಲೈಸೆನ್ಸು ಬಂದರೆ ವಿಮೆ ಮಾಡಿಸಬಹುದು. ಕೊನೆಗೆ ಆರೋಪ ರದ್ದಾಗುತ್ತದೆ ಅಥವಾ ಸಾಮಾನ್ಯ ಉಲ್ಲಂಘನೆಯಾಗಿ ಇಳಿಯುತ್ತದೆ. ಸರ್ಕಾರಕ್ಕೆ ಹಣ ಬಂತು, ರಸ್ತೆಗೆ ವಿಮೆಯುಳ್ಳ ಚಾಲಕ ಬಂದ, ಸಂಸಾರಕ್ಕೆ ಅನ್ನ ಉಳಿಯಿತು. ಸೆರೆವಾಸದಿಂದ ಈ ಮೂರರಲ್ಲಿ ಒಂದೂ ಸಾಧ್ಯವಿರಲಿಲ್ಲ.

ಇದಕ್ಕೂ ಮೂಲಕ್ಕೆ ಹೋದ ಪರಿಹಾರವೆಂದರೆ, ಬಡತನಕ್ಕಾಗಿ ಅಮಾನತು ಮಾಡುವುದನ್ನೇ ನಿಲ್ಲಿಸುವುದು. ಕ್ಯಾಲಿಫೋರ್ನಿಯ 2017ರಲ್ಲಿ, ವರ್ಜೀನಿಯ 2020ರಲ್ಲಿ ಹಾಗೆ ಮಾಡಿದುವು. ವಾಷಿಂಗ್ಟನ್ ಸಂಸ್ಥಾನ 2021ರಲ್ಲಿ ಶಾಸನ ಮಾಡಿ 2023ರ ಆರಂಭದಿಂದ ಜಾರಿಗೆ ತಂದಿತು. ದಂಡವನ್ನು ಆದಾಯಕ್ಕೆ ತಕ್ಕಂತೆ ವಿಧಿಸುವ ಪದ್ಧತಿಯೂ ಹೊಸತಲ್ಲ. ಫಿನ್ಲೆಂಡಿನಲ್ಲಿ ಅದು 1921ರಿಂದಲೇ ಉಂಟು.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಭಯವಿಲ್ಲದಿದ್ದರೆ ದಂಡ ಕಟ್ಟುವವರು ಯಾರು, ಕಾನೂನಿನ ಗೌರವವೇನು ಎಂದು ಕೇಳುತ್ತಾರೆ. ಅನುಕೂಲವಿದ್ದೂ ಕಟ್ಟದವರ ವಿಷಯದಲ್ಲಿ ಈ ಮಾತು ನ್ಯಾಯವೇ. ಅಂಥವರಿಂದ ವಸೂಲು ಮಾಡಲು ಬೇರೆ ದಾರಿಗಳು ಸರ್ಕಾರಕ್ಕೆ ಇದ್ದೇ ಇವೆ. ಆದರೆ ಕಟ್ಟಲಾರದವನಲ್ಲಿ ಭಯ ಹಣವನ್ನು ಹುಟ್ಟಿಸಲಾರದು. ಅಲ್ಲದೆ ಅಮಾನತು ಎಂಬುದು ಅಪಾಯಕಾರಿ ಚಾಲಕನ ಗುರುತಾಗಿ ಉಳಿಯಬೇಕಾದರೆ ಅದನ್ನು ಕಂಡಕಂಡವರಿಗೆ ಹಂಚಬಾರದು. ಪೊಲೀಸನೊಬ್ಬ ಬಾಕಿದಾರನ ಹಿಂದೆ ಕಳೆದ ಹೊತ್ತು, ಕುಡಿದು ನಡೆಸುವವನ ಹಿಂದೆ ಕಳೆಯಬೇಕಾಗಿದ್ದ ಹೊತ್ತು.

ನಮ್ಮ ದೇಶದಲ್ಲಿ ಪರಿಸ್ಥಿತಿ ಬೇರೆ. ಆದರೂ ಪ್ರಶ್ನೆ ತೀರ ದೂರದ್ದಲ್ಲ. ಅನರ್ಹನಾದ ಮೇಲೂ ವಾಹನ ನಡೆಸಿದರೆ 500 ರೂಪಾಯಿಯಿದ್ದ ದಂಡವನ್ನು 2019ರ ತಿದ್ದುಪಡಿ 10,000 ರೂಪಾಯಿಗೆ ಏರಿಸಿತು. ಅದೇ ತಿದ್ದುಪಡಿ, ಲೈಸೆನ್ಸು ಮರಳಿ ಪಡೆಯುವ ಮುನ್ನ ಚಾಲಕ ಮರುತರಬೇತಿ ಪಡೆಯಬೇಕೆಂದೂ ಹೇಳಿತು. ಈ ಎರಡರಲ್ಲಿ ಎರಡನೆಯದೇ ಹೆಚ್ಚು ವಿವೇಕದ್ದೆಂದು ನನ್ನ ಭಾವನೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸಂಚಾರದ ಬಾಕಿ ದಂಡದಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ, ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತು ಹಣ ಕಟ್ಟಿದರು. ಹೊರೆ ಇಳಿದರೆ ತೆರಲು ಸಿದ್ಧರಿರುವವರು ಬಹಳ ಮಂದಿ ಇರುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಶಿಕ್ಷೆಯ ಪ್ರಯೋಜನವನ್ನು ಅದು ಎಷ್ಟು ಕಠಿಣ ಎಂಬುದರಿಂದ ಅಳೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಶಿಕ್ಷೆ ಮುಗಿದ ಮೇಲೆ ಆ ಮನುಷ್ಯ ಕಾನೂನಿನ ಒಳಗೆ ಬಂದನೇ, ಇಲ್ಲ ಇನ್ನಷ್ಟು ಹೊರಗೆ ಹೋದನೇ ಎಂದು ನೋಡುವುದು ಮೇಲು. ಬಾಕಿ ಉಳಿಸಿಕೊಂಡವನಿಗೆ ಬಾಕಿ ತೀರಿಸುವ ದಾರಿಯನ್ನು ಮೊದಲು ತೋರಿಸಬೇಕು. ಆ ದಾರಿಯಿದ್ದೂ ನಡೆಯದವನಿಗೆ ಮೊಕದ್ದಮೆ ಹೇಗೂ ಇದ್ದೇ ಇದೆ.