ಏರುದಿಣ್ಣೆಯಿಂದ ವಾಹನದ ನಮ್ಯತೆಯನ್ನಳೆಯುವ ಕ್ರಮ

ನಾಲ್ಕು ಚಕ್ರದ ವಾಹನವು ಹಳ್ಳತಿಟ್ಟುಗಳ ನೆಲದಲ್ಲಿ ನಡೆಯುವಾಗ ಅದರ ಚಕ್ರಗಳೆಲ್ಲವೂ ಏಕಕಾಲದಲ್ಲಿ ನೆಲವನ್ನು ಮುಟ್ಟಿಕೊಂಡಿರುವುವೇ ಎಂಬ ಪ್ರಶ್ನೆಯು ಯಂತ್ರಶಿಲ್ಪಿಗಳಿಗೆ ಮಾತ್ರ ಸಂಬಂಧಪಟ್ಟುದೆಂದು ತೋರಬಹುದು. ಆದರೆ ಕರ್ಣನ ರಥಚಕ್ರವು ನೆಲದಲ್ಲಿ ಹೂತ ಪ್ರಸಂಗವನ್ನು ಪಾಠ ಹೇಳುವ ನಮಗೆ, ಒಂದು ಚಕ್ರವು ಕೆಲಸಕ್ಕೆ ಬಾರದೆಹೋದರೆ ಉಳಿದ ರಥವೆಲ್ಲವೂ ವ್ಯರ್ಥವೆಂಬುದು ಹೊಸ ಸಂಗತಿಯಲ್ಲ. ಇಂತಹ ವಾಹನಗಳ ನಮ್ಯತೆಯನ್ನು ಒಂದು ದಿಣ್ಣೆಯ ಸಹಾಯದಿಂದ ಅಳೆಯುವ ಕ್ರಮವುಂಟು. ಅದರ ಸ್ವರೂಪ, ಪ್ರಯೋಜನ, ಮಿತಿ ಎಂಬ ಮೂರನ್ನು ಕನ್ನಡದ ಮಾತುಗಳಿಂದಲೇ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಬೆಂಗಳೂರಿನ ದಂಡುಪ್ರದೇಶಕ್ಕೆ ಈ ವಿಷಯವು ದೂರದ್ದಲ್ಲ. ೧೭೮೦ರಲ್ಲಿ ಹುಟ್ಟಿದ ಮದರಾಸು ಸ್ಯಾಪರ್ಸ್ ಪಡೆಯ ನೆಲೆಯು ಹಲಸೂರಿನ ಕೆರೆಯ ಬಳಿಯಲ್ಲಿರುವುದು. ದಾರಿಯಿಲ್ಲದೆಡೆ ದಾರಿಮಾಡುವುದೂ ಹೊಳೆಗೆ ಸೇತುವೆ ಕಟ್ಟುವುದೂ ಆ ಪಡೆಯ ಕುಲವೃತ್ತಿ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ವಾಹನಗಳ ಬಿಡಿಭಾಗಗಳು ದೊರೆಯುವುದು ನಗರವಾಸಿಗಳೆಲ್ಲರೂ ಬಲ್ಲ ಮಾತು. ಇಂದಿರಾನಗರಕ್ಕೆ ಹೊಂದಿದ ಹೊಸ ತಿಪ್ಪಸಂದ್ರದಲ್ಲಿ ರೈಲುಗಾಡಿಗಳನ್ನು ಕಟ್ಟುತ್ತಿರುವ ಬೆಮೆಲ್ ಸಂಸ್ಥೆಯು (ಸ್ಥಾಪನೆ ೧೯೬೪) ಸೈನ್ಯಕ್ಕಾಗಿ ಟಾಟ್ರಾ ಎಂಬ ಭಾರಿ ಲಾರಿಗಳನ್ನೂ ತನ್ನ ಬೇರೆ ಕಾರ್ಖಾನೆಗಳಲ್ಲಿ ಸಿದ್ಧಪಡಿಸಿದೆ.

ಮೊದಲು ಮೂಲತತ್ತ್ವವನ್ನು ನೋಡೋಣ. ಮೂರು ಕಲ್ಲಿನ ಒಲೆಯ ಮೇಲಿಟ್ಟ ಗಡಿಗೆಯು ಅಲುಗದು. ನಾಲ್ಕು ಕಾಲಿನ ಮಂಚವಾದರೋ ನೆಲ ಸಮವಿಲ್ಲದಿದ್ದರೆ ಕುಂಟುವುದು. ಅದೇಕೆಂದರೆ, ಮೂರು ಬಿಂದುಗಳು ಯಾವಾಗಲೂ ಒಂದೇ ತಲದಲ್ಲಿರುವುವು. ನಾಲ್ಕನೆಯದು ಆ ತಲದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಎತ್ತಿನ ಗಾಡಿಗೆ ಎರಡೇ ಚಕ್ರಗಳಾದುದರಿಂದ ಅದಕ್ಕೆ ಈ ಕ್ಲೇಶವಿಲ್ಲ. ನಾಲ್ಕು ಚಕ್ರದ ವಾಹನವು ಸ್ವಲ್ಪವೂ ಬಾಗದೆ ಬಿಗಿಯಾಗಿದ್ದರೆ, ಮಂಚದ ಕಾಲಿನಂತೆ ಅದರ ಒಂದು ಚಕ್ರವು ಗಾಳಿಯಲ್ಲಿ ನಿಲ್ಲಲೇಬೇಕು.

ಹಾಗೆ ನಿಂತರೆ ಬರುವ ಹಾನಿಯೇನು? ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಎಂಬ ಯಂತ್ರಾಂಗವು, ಸಾಧಾರಣವಾದುದಾದರೆ, ತಡೆಯಿಲ್ಲದ ಚಕ್ರವನ್ನೇ ಸುತ್ತಿಸುವುದು. ಗಾಳಿಯಲ್ಲಿರುವ ಚಕ್ರವು ವೃಥಾ ತಿರುಗುತ್ತಿರಲು, ನೆಲದಲ್ಲಿರುವ ಜೊತೆಯ ಚಕ್ರವು ಸುಮ್ಮನೆ ನಿಲ್ಲುವುದು. ಆದಕಾರಣ ವಾಹನದ ಒಡಲಿಗೂ ಚಕ್ರಗಳಿಗೂ ನಡುವೆ ಇರುವ ತೂಗುಕಟ್ಟು ಎಷ್ಟು ಬಳುಕಬಲ್ಲುದೆಂಬುದು ಮುಖ್ಯವಾಗುವುದು. ಈ ಬಳುಕನ್ನು ಪಡೆಯುವ ಮಾರ್ಗಗಳು ಹಲವು. ೧೯೮೫ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸಿ, ಉಕ್ಕಿನ ಪಟ್ಟಿಗಳ ಕಟ್ಟು ಭಾರವನ್ನು ಹೊರುವುದು. ಟಾಟ್ರಾದಲ್ಲಿ ೧೯೨೩ರಿಂದ ಬಂದ ಪದ್ಧತಿಯಂತೆ, ನಡುವೆ ಬೆನ್ನುಮೂಳೆಯಂಥ ಒಂದು ಕೊಳವೆಯಿದ್ದು, ಅದರ ಇಬ್ಬದಿಯ ಅರ್ಧಾಚ್ಚುಗಳು ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವುವು.

ಇನ್ನು ದಿಣ್ಣೆಯ ರಚನೆ. ಇದರ ಏರು ಸಾಮಾನ್ಯವಾಗಿ ೨೦ ಅಂಶ. ಇಳಿಜಾರಿನ ಮೇಲೆ ೩,೬೦೦ ಮಿಲಿಮೀಟರು ಉದ್ದವಿಟ್ಟರೆ ತುದಿಯ ಎತ್ತರವು ಸುಮಾರು ೧,೨೩೦, ತಳದ ಉದ್ದವು ಸುಮಾರು ೩,೩೮೦ ಮಿಲಿಮೀಟರು ಆಗುವುದು. ಅಗಲವು ಟಯರಿನ ಅಗಲದ ಎರಡರಷ್ಟಾದರೂ ಇರತಕ್ಕದ್ದು. ಮೇಲೆ ಉಬ್ಬುಗೆರೆಗಳುಳ್ಳ ಉಕ್ಕಿನ ತಗಡನ್ನೂ ಅಂಚಿನಲ್ಲಿ ಚಕ್ರವು ಜಾರದಂತೆ ಕಟ್ಟೆಯನ್ನೂ ಹಾಕತಕ್ಕದ್ದು. ಪರೀಕ್ಷೆಯ ಕೊನೆಯಲ್ಲಿ ದಿಣ್ಣೆಯ ಮೇಲಿನ ಒಂದೇ ಚಕ್ರವು ವಾಹನದ ಸುಮಾರು ಅರ್ಧ ಭಾರವನ್ನು ಹೊರುವುದರಿಂದ, ಇಡೀ ಭಾರವನ್ನೇ ಒಂದೆಡೆ ತಾಳುವಂತೆ ಅದನ್ನು ಕಟ್ಟುವುದು ಕ್ಷೇಮ.

ಪ್ರಯೋಗವು ಹೀಗೆ. ಸಮನೆಲದಲ್ಲಿ ದಿಣ್ಣೆಯನ್ನು ಅಲುಗದಂತೆ ನಿಲ್ಲಿಸಿ, ಎಡ ಮುಂಚಕ್ರವನ್ನು ಮಾತ್ರ ಅತಿ ಮೆಲ್ಲಗೆ ಅದರ ಮೇಲೆ ಏರಿಸಬೇಕು. ಚಕ್ರವೇರಿದಂತೆ ಒಡಲು ಬಲಕ್ಕೆ ಓಲುವುದು. ಎಡ ಮುಂದಿನ ಮತ್ತು ಬಲ ಹಿಂದಿನ ಸ್ಪ್ರಿಂಗುಗಳು ಅದುಮಲ್ಪಡುವುವು, ಉಳಿದೆರಡು ಕೆಳಕ್ಕೆ ಚಾಚಿಕೊಳ್ಳುವುವು. ಚಾಚುವ ಶಕ್ತಿಯು ಮುಗಿದೊಡನೆ, ಬಹುಮಟ್ಟಿಗೆ ಎಡ ಹಿಂಚಕ್ರವೇ ನೆಲವನ್ನು ಬಿಡುವುದು. ಆ ಕ್ಷಣದಲ್ಲಿ ವಾಹನವನ್ನು ನಿಲ್ಲಿಸಿ, ದಿಣ್ಣೆಯ ಬುಡದಿಂದ ಮುಂಚಕ್ರವು ತಗುಲಿರುವ ಸ್ಥಾನದವರೆಗೆ ಇಳಿಜಾರಿನ ಮೇಲೆಯೇ ಅಳೆಯಬೇಕು. ಓಲುವ ಬದಿಯಲ್ಲಿ ಯಾರೂ ನಿಲ್ಲಬಾರದು. ಚಾಲಕನು ಪಟ್ಟಿ ಬಿಗಿದುಕೊಂಡಿರಬೇಕು.

ಏರಿದ ದೂರವನ್ನು ಮುಂದಿನ ಹಾಗೂ ಹಿಂದಿನ ಅಚ್ಚುಗಳ ಅಂತರದಿಂದ ಭಾಗಿಸಿ ೧,೦೦೦ದಿಂದ ಗುಣಿಸಿದರೆ ಬರುವ ಸಂಖ್ಯೆಗೆ ಏರಂಕವೆನ್ನೋಣ. ಜಿಪ್ಸಿಯ ಅಚ್ಚಿನಂತರ ೨,೩೭೫ ಮಿಲಿಮೀಟರು. ಅದು ೧,೧೪೦ ಮಿಲಿಮೀಟರು ಏರಿತೆಂದು ಭಾವಿಸಿದರೆ ಏರಂಕ ೪೮೦, ಚಕ್ರವೇರಿದ ಎತ್ತರ ಸುಮಾರು ೩೯೦ ಮಿಲಿಮೀಟರು. ಹಳೆಯ ವಿಲ್ಲಿಸ್ ಜೀಪಿನ ಅಚ್ಚಿನಂತರ ೨,೦೩೨. ಅದೂ ಅಷ್ಟೇ ದೂರವೇರಿದರೆ ಏರಂಕ ೫೬೧. ಉದ್ದಕ್ಕೆ ತಕ್ಕ ತಿರುಚನ್ನು ಈ ಸಂಖ್ಯೆಯು ಸೂಚಿಸುವುದೆಂಬುದು ಇದರಿಂದ ವಿಶದವಾಗುವುದು.

ಇಲ್ಲಿ ಪೂರ್ವಪಕ್ಷವೊಂದುಂಟು: ಏರಂಕವು ಹೆಚ್ಚಾದಷ್ಟೂ ವಾಹನವು ಉತ್ತಮವಲ್ಲವೇ? ಅಲ್ಲವೆಂದು ಸಮಾಧಾನ. ಮೊದಲನೆಯದಾಗಿ, ೩೦ ಅಂಶದ ದಿಣ್ಣೆಯಲ್ಲಿ ಅದೇ ೩೯೦ ಮಿಲಿಮೀಟರು ಎತ್ತರಕ್ಕೆ ೭೮೦ ಮಿಲಿಮೀಟರು ಏರಿದರೆ ಸಾಕು. ಆಗ ಅದೇ ಜಿಪ್ಸಿಯ ಏರಂಕ ೩೨೮ಕ್ಕೆ ಇಳಿಯುವುದು. ದಿಣ್ಣೆಯ ಕೋನವನ್ನು ಹೇಳದ ಏರಂಕವು ಮಾನವನ್ನು ಹೇಳದ ಅಳತೆಯಂತೆ ನಿರರ್ಥಕ. ಎರಡನೆಯದಾಗಿ, ಒಡಲು ಓಲದಂತೆ ತಡೆಯುವ ಅಡ್ಡಸಲಾಕೆಯನ್ನು ಕಳಚಿಟ್ಟರೆ ಏರಂಕವೇನೋ ಹೆಚ್ಚುವುದು. ಆದರೆ ಅದೇ ವಾಹನವು ಹೆದ್ದಾರಿಯ ತಿರುವಿನಲ್ಲಿ ವೇಗವಾಗಿ ಹೋಗುವಾಗ ಅತಿಯಾಗಿ ಓಲಿ ಪ್ರಾಣಾಪಾಯಕ್ಕೆ ಕಾರಣವಾಗಬಹುದು. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಏರಂಕವನ್ನೇ ಉತ್ತಮತ್ವದ ಲಕ್ಷಣವೆಂದರೆ ಅತಿವ್ಯಾಪ್ತಿದೋಷ ಬರುವುದು. ಅದು ನಿಂತ ವಾಹನದ ನಮ್ಯತೆಗೆ ಮಾತ್ರ ಸಾಕ್ಷಿ. ಓಡುವ ವಾಹನದ ಸ್ಥೈರ್ಯಕ್ಕೆ ಅಲ್ಲ. ಸಂಖ್ಯೆಯ ಆಸೆಯಿಂದ ವಾಹನವನ್ನು ಮನಬಂದಂತೆ ಮಾರ್ಪಡಿಸುವವರು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮನ್ನೂ ನೆನಪಿನಲ್ಲಿಡತಕ್ಕದ್ದು.

ಕೊನೆಗೆ ಪರಿಭಾಷೆಯ ವಿಚಾರ. ಅಕ್ಷ, ನಾಭಿ, ಅರ, ನೇಮಿ ಎಂದು ರಥಾಂಗಗಳಿಗೆ ಸಂಸ್ಕೃತವು ಹೆಸರಿಟ್ಟಿದೆ. ಅಚ್ಚು, ಇರುಸು, ನೊಗ ಎಂದು ನಮ್ಮ ರೈತನು ದಿನವೂ ನುಡಿಯುತ್ತಿದ್ದಾನೆ. ತೂಗುಕಟ್ಟು, ಅಚ್ಚಿನಂತರ, ಏರುದಿಣ್ಣೆ, ಏರಂಕ ಎಂಬೀ ಪದಗಳನ್ನು ಆ ಬೇರಿನಿಂದಲೇ ಚಿಗುರಿಸಿ ಇಲ್ಲಿ ಬಳಸಿದೆ. ಡಿಫರೆನ್ಷಿಯಲ್, ಸ್ಪ್ರಿಂಗು ಮುಂತಾದುವು ಕೆಲಸಗಾರರ ಬಾಯಲ್ಲಿ ಆಗಲೇ ಕನ್ನಡವಾಗಿರುವುದರಿಂದ ಅವನ್ನು ಹಾಗೆಯೇ ಉಳಿಸಿದೆ. ಇವುಗಳಲ್ಲಿ ಯಾವುವು ನಿಲ್ಲಬೇಕು, ಯಾವುವು ಬಿಡಬೇಕು ಎಂಬುದನ್ನು ಪಂಡಿತರು ಮಾತ್ರ ಕುಳಿತು ತೀರ್ಮಾನಿಸಲಾಗದು. ಶಿವಾಜಿನಗರದ ಕೆಲಸಗಾರನ ಕಿವಿಗೂ ಅವು ಒಪ್ಪಬೇಕು.